ಹೊಸ ಬೋಧನಾ ಕಾರ್ಯಕ್ರಮ ಶಾಲೆಯಲ್ಲಿ ನೆಲೆಯೂರಬೇಕಾದರೆ: ಒಂದು ಸಮಗ್ರ ಮಾರ್ಗದರ್ಶಿ

ಹೊಸ ಕಾರ್ಯಕ್ರಮಗಳು ಶಾಲೆಗೆ ಬರುವುದು ಸುಲಭ, ಉಳಿಯುವುದು ಕಷ್ಟ. ಮೊದಲ ತಿಂಗಳು ಉತ್ಸಾಹ ಇರುತ್ತದೆ. ಮೂರನೇ ತಿಂಗಳಿಗೆ ಸಿಲಬಸ್ ಮುಗಿಸುವ ಒತ್ತಡ ಶುರುವಾಗುತ್ತದೆ. ವರ್ಷದ ಕೊನೆಗೆ ಸಾಮಗ್ರಿಯೆಲ್ಲ ಬೀರು ಸೇರುತ್ತದೆ. ಇದಕ್ಕೆ ಕಾರ್ಯಕ್ರಮದ ದೋಷವೇ ಕಾರಣ ಎಂದುಕೊಳ್ಳಬೇಕಿಲ್ಲ. ಬಹಳ ಸಲ ಶಾಲೆ ಅದಕ್ಕೆ ಸಮಯ, ಜಾಗ, ಜೊತೆಗಾರರನ್ನು ಒದಗಿಸಿರುವುದಿಲ್ಲ.

ಪೆರುವಿನ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟ ಯೋಜನೆಯ ಮೌಲ್ಯಮಾಪನ 2012ರಲ್ಲಿ ಹೊರಬಂತು. 319 ಶಾಲೆಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ, ಸುಮಾರು 15 ತಿಂಗಳ ಬಳಕೆಯ ನಂತರವೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಸುಧಾರಣೆ ಕಾಣಲಿಲ್ಲ. ಸಾಧನ ಮಗುವಿನ ಕೈಗೆ ತಲುಪಿದ ಮಾತ್ರಕ್ಕೆ ತರಗತಿಯೊಳಗಿನ ಪಾಠ ಬದಲಾಗುವುದಿಲ್ಲ. ಆ ಬದಲಾವಣೆ ಆಗಬೇಕಾದರೆ ಶಾಲೆ ಏನೇನು ಮಾಡಬೇಕು ಎಂಬುದನ್ನು ಮುಂದಿನ ಹಂತಗಳು ವಿವರಿಸುತ್ತವೆ. ಪೂರ್ತಿ ಪ್ರಕ್ರಿಯೆಗೆ 2ರಿಂದ 4 ವರ್ಷ ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಒಂದೇ ವರ್ಷದಲ್ಲಿ ಫಲಿತಾಂಶ ತೋರಿಸುವುದಾಗಿ ಆಡಳಿತ ಮಂಡಳಿಗೆ ಮಾತು ಕೊಟ್ಟರೆ ನಡುದಾರಿಯಲ್ಲೇ ಒತ್ತಡಕ್ಕೆ ಸಿಲುಕುತ್ತೀರಿ.

1. ಮೊದಲು ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಮಕ್ಕಳ ಗಣಿತ ಸುಧಾರಿಸಬೇಕು" ಎಂಬುದು ಆಶಯ. "ಐದನೇ ತರಗತಿಯ 70 ಮಕ್ಕಳಲ್ಲಿ 31 ಮಕ್ಕಳಿಗೆ ಎರಡಂಕಿಯ ಭಾಗಾಕಾರ ಬರುವುದಿಲ್ಲ, ಅವರಲ್ಲಿ ಹೆಚ್ಚಿನವರು ಮಗ್ಗಿಯಲ್ಲಲ್ಲ, ಸ್ಥಾನಬೆಲೆಯಲ್ಲಿ ಎಡವುತ್ತಾರೆ" ಎಂಬುದು ಸಮಸ್ಯೆ. ಎರಡನೆಯ ರೀತಿಯಲ್ಲಿ ಬರೆಯಲು ಉತ್ತರ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ತಪ್ಪುಗಳನ್ನು ವಿಂಗಡಿಸಬೇಕು. ಒಂದು ಮಧ್ಯಾಹ್ನದ ಕೆಲಸ. ಇದನ್ನು ಮಾಡದೆ ಕಾರ್ಯಕ್ರಮ ಆರಿಸಿದರೆ ಮುಂದೆ ಅದು ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಲು ಆಧಾರವೇ ಇರುವುದಿಲ್ಲ.

ಅಮೆರಿಕದಲ್ಲಿ 1970ರ ದಶಕದಲ್ಲಿ ರ‍್ಯಾಂಡ್ ಸಂಸ್ಥೆ ಸರ್ಕಾರಿ ಅನುದಾನದ ಶೈಕ್ಷಣಿಕ ಯೋಜನೆಗಳ ಬಗ್ಗೆ ದೊಡ್ಡ ಅಧ್ಯಯನ ನಡೆಸಿತು. ಅದರಲ್ಲಿ ಕಂಡ ಒಂದು ಸಂಗತಿ ಇಂದಿಗೂ ನಿಜ: ಹಣ ಸಿಗುತ್ತದೆಂದು ಕೈಗೆತ್ತಿಕೊಂಡ ಯೋಜನೆಗಳು ಹಣ ನಿಂತೊಡನೆ ನಿಂತವು. ಶಾಲೆಯ ಸ್ವಂತ ಸಮಸ್ಯೆಯಿಂದ ಹುಟ್ಟಿದವು ಉಳಿಯುವ ಸಾಧ್ಯತೆ ಹೆಚ್ಚಿತ್ತು.

2. ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು

ಕಾರ್ಯಕ್ರಮ ಒದಗಿಸುವವರು ತೋರಿಸುವ ವಿಡಿಯೋಗಳಿಗಿಂತ ಅವರು ಈ ಪ್ರಶ್ನೆಗಳಿಗೆ ಕೊಡುವ ಉತ್ತರ ಮುಖ್ಯ:

- ಇದರಲ್ಲಿ ಬಿಡಲೇಬಾರದ ಅಂಶಗಳು ಯಾವುವು, ಶಾಲೆ ತನಗೆ ಬೇಕಾದಂತೆ ಬದಲಿಸಬಹುದಾದವು ಯಾವುವು?
- ವಾರಕ್ಕೆ ಎಷ್ಟು ನಿಮಿಷ ಪಾಠ ಬೇಕು, ಶಿಕ್ಷಕರ ತಯಾರಿಗೆ ಎಷ್ಟು ನಿಮಿಷ ಬೇಕು?
- ಮೊದಲ ತರಬೇತಿಯ ನಂತರ ತರಗತಿಗೆ ಬಂದು ನೆರವಾಗುವವರು ಯಾರು, ಎಷ್ಟು ತಿಂಗಳು?
- ನಮ್ಮಷ್ಟೇ ದೊಡ್ಡ ತರಗತಿಗಳಿರುವ, ಮೂರನೇ ವರ್ಷಕ್ಕೂ ಇದನ್ನು ನಡೆಸುತ್ತಿರುವ ಶಾಲೆ ಯಾವುದು? ಇದನ್ನು ಕೈಬಿಟ್ಟ ಶಾಲೆ ಯಾವುದು, ಏಕೆ?

ಮೊದಲ ಪ್ರಶ್ನೆಗೆ "ಎಲ್ಲವೂ ಮುಖ್ಯ" ಎಂದಾಗಲಿ, "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಎಂದಾಗಲಿ ಉತ್ತರ ಬಂದರೆ ಹಿಂದೆ ಸರಿಯಿರಿ. ತಮ್ಮ ವಿಧಾನ ಏಕೆ ಕೆಲಸ ಮಾಡುತ್ತದೆಂಬ ಸ್ಪಷ್ಟತೆ ಅವರಲ್ಲೇ ಇಲ್ಲ ಎಂದರ್ಥ. ಕೊನೆಯ ಪ್ರಶ್ನೆಯಲ್ಲಿ ಸಿಕ್ಕ ಎರಡೂ ಶಾಲೆಗಳ ಶಿಕ್ಷಕರೊಂದಿಗೆ, ಮುಖ್ಯ ಶಿಕ್ಷಕರು ಎದುರಿಗಿಲ್ಲದಾಗ, ಮಾತನಾಡಿ.

3. ಹೊರೆಯ ಲೆಕ್ಕ ಹಾಕಿ, ಏನನ್ನು ನಿಲ್ಲಿಸುತ್ತೀರಿ ಎಂದು ನಿರ್ಧರಿಸಿ

ಹೆಚ್ಚಿನ ಶಾಲೆಗಳು ಹಾರಿಸಿಬಿಡುವ ಹಂತ ಇದು. ನಮ್ಮ ದೃಷ್ಟಿಯಲ್ಲಿ ಸೋಲು ಗೆಲುವು ಅರ್ಧಕ್ಕರ್ಧ ಇಲ್ಲೇ ತೀರ್ಮಾನವಾಗುತ್ತದೆ.

ಉದಾಹರಣೆಗೆ, 35 ಮಕ್ಕಳಿರುವ ತರಗತಿಗೆ ವಾರಕ್ಕೆ 40 ನಿಮಿಷದ 4 ಪಿರಿಯಡ್ ಬೇಡುವ ಕಾರ್ಯಕ್ರಮವನ್ನು ತೆಗೆದುಕೊಳ್ಳೋಣ. ಪಾಠದ ಸಮಯ 160 ನಿಮಿಷ. ಪ್ರತಿ ಪಾಠದ ತಯಾರಿಗೆ 20 ನಿಮಿಷದಂತೆ 80. ವಾರಕ್ಕೊಮ್ಮೆ 35 ಪುಸ್ತಕ ನೋಡಲು ತಲಾ 2 ನಿಮಿಷದಂತೆ 70. ದಾಖಲೆ ಬರೆಯಲು 30, ತಂಡದ ಸಭೆಗೆ 40. ತರಗತಿಯ ಹೊರಗಿನ ಹೊರೆಯೇ 220 ನಿಮಿಷ, ಅಂದರೆ 3 ಗಂಟೆ 40 ನಿಮಿಷ. ಈ ಸಮಯ ಎಲ್ಲಿಂದ ಬರುತ್ತದೆ? ಉತ್ತರವನ್ನು ಶಾಲೆ ಕೊಡದಿದ್ದರೆ ಶಿಕ್ಷಕರು ತಾವೇ ಕಂಡುಕೊಳ್ಳುತ್ತಾರೆ: ಮೊದಲು ತಯಾರಿ ಬಿಡುತ್ತಾರೆ, ಆಮೇಲೆ ಪುಸ್ತಕ ನೋಡುವುದನ್ನು, ಕೊನೆಗೆ ಪಾಠವನ್ನೇ. ಅದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ದಿನದಲ್ಲಿರುವ ಗಂಟೆಗಳು ಅಷ್ಟೇ.

ಆದ್ದರಿಂದ ಶುರು ಮಾಡುವ ಮುನ್ನ ನಿಲ್ಲಿಸುವ ಕೆಲಸಗಳ ಪಟ್ಟಿ ತಯಾರಾಗಬೇಕು. ಅದೇ ವಿಷಯದ ಹಳೆಯ ಅಭ್ಯಾಸ ಪುಸ್ತಕ, ಎರಡೆರಡು ಕಡೆ ಬರೆಯುವ ಅಂಕಗಳ ರಿಜಿಸ್ಟರ್, ಪ್ರತಿ ವಾರದ ಘಟಕ ಪರೀಕ್ಷೆ, ಹಿಂದೊಮ್ಮೆ ಬಂದು ಈಗ ಹೆಸರಿಗಷ್ಟೇ ನಡೆಯುತ್ತಿರುವ ಇನ್ನೊಂದು ಕಾರ್ಯಕ್ರಮ, ಇವೆಲ್ಲ ಆ ಪಟ್ಟಿಗೆ ಸೇರಬಹುದಾದವು. ನಿಲ್ಲಿಸಿದ್ದನ್ನು ಮುಖ್ಯ ಶಿಕ್ಷಕರು ಲಿಖಿತವಾಗಿ ಪ್ರಕಟಿಸಬೇಕು. ಬಾಯಿಮಾತಿನಲ್ಲಿ ನಿಲ್ಲಿಸಿದ ರಿಜಿಸ್ಟರನ್ನು ತಪಾಸಣೆಯ ದಿನ ಕೇಳುತ್ತಾರೆ ಎಂಬ ಭಯ ಶಿಕ್ಷಕರಿಗೆ ಇದ್ದೇ ಇರುತ್ತದೆ, ಹಾಗಾಗಿ ಅದನ್ನೂ ಬರೆಯುತ್ತಾರೆ, ಹೊಸದನ್ನೂ ಮಾಡುತ್ತಾರೆ. ಪಠ್ಯದಲ್ಲಿ ಯಾವ ಭಾಗವನ್ನು ಹೊಸ ಪಾಠಗಳೇ ಕಲಿಸುತ್ತವೆ ಎಂಬುದನ್ನು ಅಧ್ಯಾಯವಾರು ಗುರುತಿಸಿ ಕೊಡಿ. ಇಲ್ಲದಿದ್ದರೆ ಒಂದೇ ಪಾಠ ಎರಡು ಸಲ ನಡೆಯುತ್ತದೆ.

ಮೀಸಲು ಸಮಯದ ಬೆಲೆ ಏನೆಂಬುದಕ್ಕೆ ಹರಿಯಾಣದ ಅನುಭವ ಒಳ್ಳೆಯ ಸಾಕ್ಷಿ. ಮಕ್ಕಳನ್ನು ತರಗತಿಯ ಬದಲು ಕಲಿಕಾ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವ ಪ್ರಥಮ್ ಸಂಸ್ಥೆಯ ವಿಧಾನ, ಬೇರೆಡೆ ಸರ್ಕಾರಿ ಶಿಕ್ಷಕರಿಗೆ ತರಬೇತಿ ಮತ್ತು ಸಾಮಗ್ರಿ ಕೊಟ್ಟು ಬಿಟ್ಟಾಗ ಮಾಮೂಲು ಶಾಲಾ ದಿನದೊಳಗೆ ಹಿಡಿದಿರಲಿಲ್ಲ. 2012–13ರಲ್ಲಿ ಹರಿಯಾಣದಲ್ಲಿ ಅದಕ್ಕೆಂದೇ ದಿನದಲ್ಲಿ ಒಂದು ಗಂಟೆ ಮೀಸಲಿಡಲಾಯಿತು. ಮೇಲ್ವಿಚಾರಕರು ಮೊದಲು ತಾವೇ ಆ ವಿಧಾನದಲ್ಲಿ ಮಕ್ಕಳಿಗೆ ಪಾಠ ಮಾಡಿ ಕಲಿತರು, ನಂತರ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾದರು. ಆಗ ಮಕ್ಕಳ ಹಿಂದಿ ಓದು ಸುಧಾರಿಸಿತು.

4. ಒಪ್ಪಿಗೆ ಪಡೆಯುವುದು

ಸಭೆಯಲ್ಲಿ "ಎಲ್ಲರಿಗೂ ಒಪ್ಪಿಗೆಯೇ?" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆ ಒಪ್ಪಿಗೆಗೆ ಅರ್ಥವಿಲ್ಲ. ಅಮೆರಿಕದಲ್ಲಿ 1987ರಲ್ಲಿ ಆರಂಭವಾದ 'ಸಕ್ಸೆಸ್ ಫಾರ್ ಆಲ್' ಎಂಬ ಓದಿನ ಕಾರ್ಯಕ್ರಮ, ಶಾಲೆಯ ಶಿಕ್ಷಕರಲ್ಲಿ ಕನಿಷ್ಠ ಶೇ. 80ರಷ್ಟು ಜನ ಗುಪ್ತ ಮತದಾನದಲ್ಲಿ ಒಪ್ಪಬೇಕೆಂಬ ಷರತ್ತು ಇಟ್ಟುಕೊಂಡಿತ್ತು. ಸಣ್ಣ ಶಾಲೆಯಲ್ಲೂ ಇದನ್ನು ಮಾಡಬಹುದು: ಹೆಸರಿಲ್ಲದ ಚೀಟಿ, ಅದರಲ್ಲಿ ಹೌದು ಅಥವಾ ಇಲ್ಲ, ಕೆಳಗೆ "ನನ್ನ ದೊಡ್ಡ ಚಿಂತೆ" ಎಂದು ಒಂದು ಸಾಲು.

ಆ ಸಾಲುಗಳೇ ಮತಕ್ಕಿಂತ ಬೆಲೆಯುಳ್ಳವು. ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಲ್ಲಿ ಗುರುತಿಸಿದಂತೆ, ಬದಲಾವಣೆ ಎದುರಾದಾಗ ಶಿಕ್ಷಕರ ಚಿಂತೆಗಳು ಸಾಮಾನ್ಯವಾಗಿ ಒಂದು ಕ್ರಮದಲ್ಲಿ ಸಾಗುತ್ತವೆ. ಮೊದಲು ತನ್ನ ಬಗ್ಗೆ: ಇದು ನನ್ನಿಂದ ಆಗುತ್ತದೆಯೇ, ಮಕ್ಕಳ ಮುಂದೆ ತಡವರಿಸಿದರೆ? ಆಮೇಲೆ ಕೆಲಸದ ಬಗ್ಗೆ: ಸಮಯ ಸಾಲುತ್ತಿಲ್ಲ, ಕಾರ್ಡುಗಳನ್ನು ಹಂಚುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಕೊನೆಗಷ್ಟೇ ಪರಿಣಾಮದ ಬಗ್ಗೆ: ಮಕ್ಕಳು ನಿಜಕ್ಕೂ ಕಲಿಯುತ್ತಿದ್ದಾರೆಯೇ? ಮೊದಲ ಹಂತದಲ್ಲಿರುವವರಿಗೆ ಸಂಶೋಧನೆಯ ಅಂಕಿಅಂಶ ತೋರಿಸಿ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಒಂದು ಪಾಠವನ್ನು ಕಣ್ಣಾರೆ ನೋಡುವ ಅವಕಾಶ. ಎರಡನೇ ಹಂತದವರಿಗೆ ಬೇಕಾದದ್ದು ಕಾರ್ಡುಗಳನ್ನು ಮೊದಲೇ ಗುಂಪುವಾರು ಕಟ್ಟಿಟ್ಟ ಡಬ್ಬಿ.

ವಿರೋಧಿಸುವವರನ್ನು ತಂಡದಿಂದ ದೂರವಿಡಬೇಡಿ. ಇಪ್ಪತ್ತು ವರ್ಷ ಪಾಠ ಮಾಡಿದವರು "ಇದು ಮಳೆಗಾಲದಲ್ಲಿ ನಡೆಯುವುದಿಲ್ಲ, ಅಂಗಳದಲ್ಲಿ ನೀರು ನಿಲ್ಲುತ್ತದೆ" ಎಂದರೆ ಅದು ಮಾಹಿತಿ. ಎಲ್ಲರ ಮನಸ್ಸು ಬದಲಾಗಲೆಂದು ಕಾಯುತ್ತಲೂ ಕೂರಬೇಡಿ. ತನ್ನದೇ ತರಗತಿಯ ಮಕ್ಕಳಲ್ಲಿ ವ್ಯತ್ಯಾಸ ಕಂಡ ಮೇಲೆಯೇ ಹೆಚ್ಚಿನ ಶಿಕ್ಷಕರ ನಂಬಿಕೆ ಬದಲಾಗುವುದು. ಶುರುವಿನಲ್ಲಿ ಬೇಕಾದದ್ದು ಪ್ರಾಮಾಣಿಕವಾಗಿ ಮಾಡಿ ನೋಡುವ ಮನಸ್ಸು ಮಾತ್ರ.

5. ತಂಡ ಮತ್ತು ತಯಾರಿ

ಮುಖ್ಯ ಶಿಕ್ಷಕರು, ಆ ವಿಷಯದ ಇಬ್ಬರು ಶಿಕ್ಷಕರು, ವೇಳಾಪಟ್ಟಿ ಮಾಡುವವರು: ನಾಲ್ಕು ಜನ ಸಾಕು. ವೇಳಾಪಟ್ಟಿ ಮಾಡುವವರನ್ನು ಬಿಟ್ಟರೆ ತಂಡದ ಯಾವ ನಿರ್ಧಾರವೂ ಕಾಗದದಿಂದ ಕೆಳಗಿಳಿಯುವುದಿಲ್ಲ. ವಾರಕ್ಕೊಮ್ಮೆ 40 ನಿಮಿಷ, ಶಾಲಾ ಅವಧಿಯೊಳಗೆ ಸೇರಬೇಕು. ಶಾಲೆ ಬಿಟ್ಟ ಮೇಲೆ ಇಟ್ಟ ಸಭೆ ಒಂದೂವರೆ ತಿಂಗಳಲ್ಲಿ ನಿಂತುಹೋಗುತ್ತದೆ.

ತಯಾರಿಗೆ ಒಂದು ಅವಧಿ, ಅಂದರೆ 3ರಿಂದ 4 ತಿಂಗಳು ಕೊಡಿ. ಸಾಮಗ್ರಿಯ ಲೆಕ್ಕದಲ್ಲಿ ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. 35 ಮಕ್ಕಳಿಗೆ ವಾರಕ್ಕೆ 4 ಅಭ್ಯಾಸ ಹಾಳೆಯಂತೆ 30 ವಾರಕ್ಕೆ 4,200 ಹಾಳೆ. ಹಾಳಾಗುವುದಕ್ಕೆ ಶೇ. 10 ಸೇರಿಸಿದರೆ 4,620. ಇದು ಒಂದೇ ವಿಭಾಗಕ್ಕೆ. ಮುದ್ರಣ ಯಂತ್ರ ಕೆಟ್ಟರೆ ಮುಂದೇನು ಎಂಬ ಉತ್ತರವೂ ಈಗಲೇ ಸಿದ್ಧವಿರಲಿ. ಕನಿಷ್ಠ ಮೂರು ವಾರದ ಹಾಳೆಗಳು ಯಾವಾಗಲೂ ಮುಂಗಡ ಇರಬೇಕು. ಡಿಜಿಟಲ್ ಕಾರ್ಯಕ್ರಮವಾದರೆ ಎಲ್ಲ ಸಾಧನಗಳನ್ನೂ ಒಟ್ಟಿಗೆ ಆನ್ ಮಾಡಿ, ಒಂದೇ ಹೊತ್ತಿಗೆ ಲಾಗಿನ್ ಆಗಿ ಪರೀಕ್ಷಿಸಿ. ಒಂದು ಸಾಧನದಲ್ಲಿ ಚೆನ್ನಾಗಿ ಓಡಿದ್ದು 35ರಲ್ಲಿ ನಿಲ್ಲುವುದು ಸಾಮಾನ್ಯ. ಪಾಸ್‌ವರ್ಡ್ ಮರೆತ ಮಗುವಿಗೆ ಕೊಡಲು ಮುದ್ರಿತ ಚೀಟಿಯೂ ಇರಲಿ.

ಪೋಷಕರಿಗೆ ಒಂದು ಸಭೆ, ಒಂದು ಪುಟದ ಪತ್ರ. ಏನು ಬದಲಾಗುತ್ತದೆ, ಮನೆಯಲ್ಲಿ ಏನು ಕಾಣುತ್ತದೆ (ಉದಾಹರಣೆಗೆ ಮನೆಕೆಲಸ ಕಡಿಮೆಯಾಗಬಹುದು), ಪರೀಕ್ಷೆಗೆ ತೊಂದರೆಯಾಗದಂತೆ ಏನು ಮಾಡಿದ್ದೀರಿ ಎಂಬ ಮೂರನ್ನು ಹೇಳಿದರೆ ಸಾಕು.

6. ಪ್ರಾಯೋಗಿಕ ಹಂತ: 12 ವಾರ

ಇಡೀ ಶಾಲೆಯಲ್ಲಿ ಒಮ್ಮೆಗೇ ಆರಂಭಿಸಬೇಡಿ. ಒಬ್ಬರೇ ಶಿಕ್ಷಕರ ಹೆಗಲಿಗೂ ಹಾಕಬೇಡಿ, ಒಂಟಿಯಾದವರಿಗೆ ಚರ್ಚಿಸಲು ಜೊತೆ ಇರುವುದಿಲ್ಲ. ಒಂದೇ ತರಗತಿಯ ಎರಡು ವಿಭಾಗ, ಇಬ್ಬರು ಶಿಕ್ಷಕರು: ಒಬ್ಬರು ಉತ್ಸಾಹಿ, ಇನ್ನೊಬ್ಬರು ಸಾಧಾರಣ ಆಸಕ್ತಿಯವರು. ಉತ್ಸಾಹಿಗಳನ್ನಷ್ಟೇ ಆರಿಸಿದರೆ ಪ್ರಾಯೋಗಿಕ ಹಂತ ಖಂಡಿತ ಗೆಲ್ಲುತ್ತದೆ, ವಿಸ್ತರಿಸಿದಾಗ ಸೋಲುತ್ತದೆ. ಏಕೆಂದರೆ ಗೆದ್ದದ್ದು ಅವರ ಹೆಚ್ಚುವರಿ ದುಡಿಮೆ, ಅದು ಎಲ್ಲರಲ್ಲೂ ಸಿಗುವುದಿಲ್ಲ.

ಆರಂಭಕ್ಕೆ ಮೊದಲೇ ಮಕ್ಕಳ ಮಟ್ಟ ಅಳೆದಿಡಿ. 12 ವಾರದ ನಂತರ ಹೇಗೆ ನಿರ್ಧರಿಸುತ್ತೀರಿ ಎಂಬ ನಿಯಮವನ್ನೂ ಮೊದಲೇ ಬರೆದಿಡಿ:

- ಯೋಜಿಸಿದ ಪಾಠಗಳಲ್ಲಿ ಶೇ. 80ಕ್ಕಿಂತ ಹೆಚ್ಚು ನಡೆದಿವೆ, ಮಕ್ಕಳು ಸುಧಾರಿಸಿದ್ದಾರೆ: ವಿಸ್ತರಿಸಿ.
- ಶೇ. 80ಕ್ಕಿಂತ ಹೆಚ್ಚು ನಡೆದಿವೆ, ಚೆನ್ನಾಗಿಯೂ ನಡೆದಿವೆ, ಆದರೂ ಸುಧಾರಣೆ ಇಲ್ಲ: ಈ ಕಾರ್ಯಕ್ರಮ ನಿಮ್ಮ ಸಮಸ್ಯೆಗೆ ಹೊಂದುತ್ತಿಲ್ಲ.
- ಅರ್ಧದಷ್ಟೇ ನಡೆದಿವೆ: ಕಾರ್ಯಕ್ರಮದ ಬಗ್ಗೆ ನಿಮಗೆ ಇನ್ನೂ ಏನೂ ತಿಳಿದಿಲ್ಲ. ಅಡ್ಡಿ ಯಾವುದೆಂದು ಹುಡುಕಿ, ಸರಿಪಡಿಸಿ, ಮತ್ತೆ ನಡೆಸಿ.

ಮೂರನೆಯ ಸ್ಥಿತಿಯನ್ನು ಎರಡನೆಯದೆಂದು ಭಾವಿಸಿ ಒಳ್ಳೆಯ ಕಾರ್ಯಕ್ರಮಗಳನ್ನು ಕೈಬಿಟ್ಟ ಶಾಲೆಗಳು ಬಹಳ. 80 ಎಂಬುದು ನಾವು ಸೂಚಿಸುವ ಗೆರೆ, ನಿಮ್ಮ ಕ್ಯಾಲೆಂಡರಿಗೆ ತಕ್ಕಂತೆ ಬದಲಿಸಬಹುದು; ಆದರೆ ಫಲಿತಾಂಶ ನೋಡಿದ ಮೇಲೆ ಬದಲಿಸುವಂತಿಲ್ಲ.

7. ತರಬೇತಿಗಿಂತ ಮುಖ್ಯವಾದದ್ದು: ತರಗತಿಯೊಳಗಿನ ಜೊತೆಗಾರಿಕೆ

ಎರಡು ದಿನದ ಕಾರ್ಯಾಗಾರದಲ್ಲಿ ಕಲಿತದ್ದು ತರಗತಿಯನ್ನು ತಲುಪುವುದು ಬಹಳ ಕಡಿಮೆ. ವಿವರಣೆ ಕೇಳಿ, ಮಾದರಿ ಪಾಠ ನೋಡಿ, ತಾವೇ ಮಾಡಿ, ಸಲಹೆ ಪಡೆದರೂ ಸ್ವಂತ ತರಗತಿಯ ಗಲಾಟೆಯ ನಡುವೆ ಹೊಸ ಕೌಶಲ ಜಾರಿಹೋಗುತ್ತದೆ. ಬೋಧನೆಯಲ್ಲಿ ನೆರವಾಗುವ ಜೊತೆಗಾರರ ಪದ್ಧತಿಯ ಬಗ್ಗೆ 60 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆ, ಅದರಿಂದ ಬೋಧನೆಯ ಗುಣಮಟ್ಟ ಗಣನೀಯವಾಗಿ ಏರುತ್ತದೆ, ಮಕ್ಕಳ ಕಲಿಕೆಯೂ ಏರುತ್ತದೆ ಎಂದು ತೋರಿಸಿತು. ಆದರೆ ಕಾರ್ಯಕ್ರಮ ದೊಡ್ಡದಾದಂತೆ ಆ ಲಾಭ ಕುಗ್ಗುತ್ತದೆ ಎಂಬುದನ್ನೂ ಅದು ತೋರಿಸಿತು.

ನಡೆಸುವ ಕ್ರಮ ಹೀಗೆ. ಜೊತೆಗಾರರು ಪ್ರತಿ ಶಿಕ್ಷಕರ ಪಾಠವನ್ನು 15 ದಿನಕ್ಕೊಮ್ಮೆ 30 ನಿಮಿಷ ನೋಡಬೇಕು. ಅದೇ ದಿನ ಅಥವಾ ಮರುದಿನ 20 ನಿಮಿಷ ಮಾತುಕತೆ, ಟಿಪ್ಪಣಿಗೆ 10 ನಿಮಿಷ. ಒಬ್ಬ ಶಿಕ್ಷಕರಿಗೆ ಒಂದು ಗಂಟೆ. 8 ಶಿಕ್ಷಕರಿದ್ದರೆ 15 ದಿನಕ್ಕೆ 8 ಗಂಟೆ, ವಾರಕ್ಕೆ 4 ಗಂಟೆ, ಅಂದರೆ 40 ನಿಮಿಷದ 6 ಪಿರಿಯಡ್. ಜೊತೆಗಾರರು ಶಾಲೆಯ ಶಿಕ್ಷಕರೇ ಆಗಿದ್ದರೆ ಅವರ ಬೋಧನೆಯಿಂದ ಈ 6 ಪಿರಿಯಡ್ ಕಳೆಯಲೇಬೇಕು. ಕಳೆಯದೆ ಜವಾಬ್ದಾರಿ ಮಾತ್ರ ಕೊಟ್ಟರೆ ಪಾಠ ವೀಕ್ಷಣೆ ತಿಂಗಳಿಗೊಮ್ಮೆ ಆಗಿ, ಆಮೇಲೆ ಸಹಿ ಹಾಕುವ ಹಾಳೆಯಾಗಿ ಉಳಿಯುತ್ತದೆ.

ಮಾತುಕತೆಯಲ್ಲಿ ಒಂದೇ ಅಂಶ. "ಗುಂಪು ಚರ್ಚೆಗೆ 8 ನಿಮಿಷ ಕೊಟ್ಟಿರಿ, ಐದು ಗುಂಪುಗಳಲ್ಲಿ ಮೂರರಲ್ಲಿ ಒಬ್ಬ ಮಗುವೇ ಬರೆಯುತ್ತಿತ್ತು. ಮುಂದಿನ ಪಾಠದಲ್ಲಿ ಪ್ರತಿ ಮಗುವಿಗೂ ಬೇರೆ ಬಣ್ಣದ ಪೆನ್ಸಿಲ್ ಕೊಟ್ಟು ನೋಡೋಣವೇ?" ಇಷ್ಟು ಸಾಕು. ಏಳು ಸಲಹೆ ಕೊಟ್ಟರೆ ಒಂದೂ ಜಾರಿಯಾಗುವುದಿಲ್ಲ.

ಜೊತೆಗಾರರ ಟಿಪ್ಪಣಿ ಶಿಕ್ಷಕರ ವಾರ್ಷಿಕ ಮೌಲ್ಯಮಾಪನಕ್ಕೆ ಹೋಗಬಾರದು. ಒಮ್ಮೆ ಹೋಯಿತೆಂದರೆ, ಅವರು ಬರುವ ದಿನ ಮಾತ್ರ ಸಿದ್ಧಪಡಿಸಿದ ಪಾಠ ನಡೆಯುತ್ತದೆ, ನಿಜವಾದ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಎರಡು ಕೆಲಸಗಳನ್ನು ಒಬ್ಬರಿಗೇ ಕೊಡಬೇಡಿ.

8. ಇಳಿತದ ದಿನಗಳು

ಮೊದಲ ಒಂದೆರಡು ವಾರದ ನಂತರ ಎಲ್ಲವೂ ಹಿಂದಿಗಿಂತ ಕೆಟ್ಟಂತೆ ಕಾಣುವ ಕಾಲ ಬರುತ್ತದೆ. ಹಳೆಯ ವಿಧಾನದಲ್ಲಿ ಕೈ ಪಳಗಿತ್ತು, ಹೊಸದರಲ್ಲಿ ಇನ್ನೂ ಪಳಗಿಲ್ಲ. ತರಗತಿ ಗದ್ದಲವಾಗುತ್ತದೆ, ಪಾಠ ಹಿಂದೆ ಬೀಳುತ್ತದೆ, ಕೆಲವು ಜಾಣ ಮಕ್ಕಳೂ ಗೊಂದಲಕ್ಕೆ ಬೀಳುತ್ತಾರೆ, ಪೋಷಕರ ಫೋನ್ ಬರುತ್ತದೆ. ಈ ಇಳಿತ ಬದಲಾವಣೆಯ ಸಹಜ ಭಾಗವೆಂದು ಶುರುವಿಗೆ ಮುಂಚೆಯೇ ಎಲ್ಲರಿಗೂ ತಿಳಿಸಿ.

ಈ ದಿನಗಳಲ್ಲಿ ಮುಖ್ಯ ಶಿಕ್ಷಕರ ನಡೆಯನ್ನು ಎಲ್ಲರೂ ಗಮನಿಸುತ್ತಾರೆ. ಪಾಠ ನಡೆಯುವ ಹೊತ್ತಿಗೆ ಶಿಕ್ಷಕರನ್ನು ಕಚೇರಿ ಕೆಲಸಕ್ಕೆ ಕರೆಸಿದರೆ, ರಜೆ ಹಾಕಿದವರ ತರಗತಿಗೆ ಮೀಸಲು ಪಿರಿಯಡ್ ಬಿಟ್ಟುಕೊಟ್ಟರೆ, ಕಾರ್ಯಕ್ರಮ ಮುಗಿಯಿತೆಂದು ಸ್ಟಾಫ್ ರೂಮ್ ಅರ್ಥ ಮಾಡಿಕೊಳ್ಳುತ್ತದೆ. ವಾರಕ್ಕೆರಡು ಸಲ ಹತ್ತು ನಿಮಿಷ ಆ ತರಗತಿಗಳಲ್ಲಿ ಕುಳಿತು ಬರುವುದು ಯಾವ ಭಾಷಣಕ್ಕಿಂತಲೂ ಹೆಚ್ಚಿನ ಬೆಂಬಲ. ಈ ಅವಧಿಯಲ್ಲಿ ಬೇರೆ ಯಾವ ಹೊಸ ಕಾರ್ಯಕ್ರಮವನ್ನೂ ಒಳಗೆ ಬಿಡಬೇಡಿ.

9. ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು

ಮೇಲೆ ಹೇಳಿದ ರ‍್ಯಾಂಡ್ ಅಧ್ಯಯನದ ಇನ್ನೊಂದು ಮುಖ್ಯ ಗುರುತಿಸುವಿಕೆ: ಯಶಸ್ವಿಯಾದ ಕಡೆಗಳಲ್ಲಿ ಕಾರ್ಯಕ್ರಮವೂ ಶಾಲೆಗೆ ತಕ್ಕಂತೆ ಬದಲಾಗಿತ್ತು, ಶಾಲೆಯೂ ಕಾರ್ಯಕ್ರಮಕ್ಕೆ ತಕ್ಕಂತೆ ಬದಲಾಗಿತ್ತು. ಬದಲಾವಣೆ ತಪ್ಪಲ್ಲ. ಯಾವುದು ಬದಲಾಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಜೋಡಿ ಓದಿನ ಕಾರ್ಯಕ್ರಮದಲ್ಲಿ ಮಗು ಗಟ್ಟಿಯಾಗಿ ಓದುವುದು, ಜೊತೆಗಾರ ಮಗು ತಪ್ಪನ್ನು ತಕ್ಷಣ ತಿದ್ದುವುದು, ದಿನವೂ ನಡೆಯುವುದು, ಈ ಮೂರು ತಿರುಳು. ಕಥೆಗಳು, ಕೂರುವ ವ್ಯವಸ್ಥೆ, ಬಹುಮಾನದ ಚೀಟಿ ಇವೆಲ್ಲ ಬದಲಿಸಬಹುದಾದವು. ಸಮಯವಿಲ್ಲವೆಂದು ದಿನವೂ ನಡೆಯಬೇಕಾದದ್ದನ್ನು ವಾರಕ್ಕೊಮ್ಮೆ ಮಾಡಿದರೆ ಹೆಸರು ಉಳಿಯುತ್ತದೆ, ಕಲಿಕೆ ಉಳಿಯುವುದಿಲ್ಲ. ಗಮನಿಸಿ: ಮಕ್ಕಳು ಮಾಡುವ ಕಠಿಣ ಭಾಗವೇ ಮೊದಲು ಬಿಟ್ಟುಹೋಗುತ್ತದೆ. ಮಕ್ಕಳು ತಾವೇ ಯೋಚಿಸಿ ವಿವರಿಸಬೇಕಾದ ಕಡೆ ಶಿಕ್ಷಕರು ಉತ್ತರ ಹೇಳಿಬಿಡುತ್ತಾರೆ, ಏಕೆಂದರೆ ಮೌನವಾಗಿ ಕಾಯುವುದು ಕಷ್ಟ.

ಸ್ಟಾಫ್ ರೂಮಿನಲ್ಲಿ ಒಂದು ನೋಟ್‌ಬುಕ್ ಇಡಿ. ಬದಲಾವಣೆ ಮಾಡಿದವರು ದಿನಾಂಕ, ಏನು ಬದಲಿಸಿದೆ, ಏಕೆ, ಏನಾಯಿತು ಎಂದು ನಾಲ್ಕು ಸಾಲು ಬರೆಯಲಿ. ತಿಂಗಳಿಗೊಮ್ಮೆ ತಂಡ ಓದಿ ಒಳ್ಳೆಯದನ್ನು ಎಲ್ಲರಿಗೂ ಹಂಚಲಿ. ಮೊದಲ 6 ವಾರ ಮಾತ್ರ ಏನನ್ನೂ ಬದಲಿಸದೆ ಮಾಡುವುದು ಒಳ್ಳೆಯದು. ಚೆನ್ನಾಗಿ ಗೊತ್ತಿಲ್ಲದ್ದನ್ನು ಸುಧಾರಿಸಲು ಹೋದರೆ ತಿರುಳೇ ಕಳೆದುಹೋಗುತ್ತದೆ.

10. ಅಳತೆ

ಮೂರು ಪ್ರಶ್ನೆ, ಇದೇ ಕ್ರಮದಲ್ಲಿ: ಪಾಠ ನಡೆಯಿತೇ, ಚೆನ್ನಾಗಿ ನಡೆಯಿತೇ, ಮಕ್ಕಳು ಕಲಿತರೇ? ಮೊದಲನೆಯದಕ್ಕೆ ಗೋಡೆಯ ಮೇಲೊಂದು ಕ್ಯಾಲೆಂಡರ್, ನಡೆದ ಪಾಠಕ್ಕೆ ಒಂದು ಗುರುತು. ಎರಡನೆಯದಕ್ಕೆ ತಿರುಳಿನ ಅಂಶಗಳ 5 ಸಾಲಿನ ಪಟ್ಟಿ. ಮೂರನೆಯದಕ್ಕೆ ಆರು ವಾರಕ್ಕೊಮ್ಮೆ ಸಣ್ಣ ಪರೀಕ್ಷೆ. ಓದಿನಂಥ ಮೌಖಿಕ ಪರೀಕ್ಷೆಯಾದರೆ ಹಾಜರಿ ಪಟ್ಟಿಯಲ್ಲಿ ಪ್ರತಿ ಮೂರನೇ ಮಗುವಿನಂತೆ 10 ಮಕ್ಕಳನ್ನು ಆರಿಸಿ, ತಲಾ 5 ನಿಮಿಷ. 10ರಲ್ಲಿ ಒಂದಿಬ್ಬರ ಏರಿಳಿತಕ್ಕೆ ಅರ್ಥ ಹಚ್ಚಬೇಡಿ, ಸತತ ಮೂರು ಅಳತೆಗಳ ದಿಕ್ಕನ್ನು ನೋಡಿ. ಕೆಳಗಿನ ಮಟ್ಟದ ಮಕ್ಕಳ ಅಂಕವನ್ನು ಬೇರೆಯಾಗಿ ನೋಡಲು ಮರೆಯಬೇಡಿ: ಸರಾಸರಿ ಏರಿ, ಹಿಂದುಳಿದ ಮಕ್ಕಳು ಇದ್ದಲ್ಲೇ ಇರುವುದುಂಟು.

11. ಎರಡನೇ ವರ್ಷ ಮತ್ತು ಆಚೆ

ಎರಡನೇ ವರ್ಷದಲ್ಲಿ ಹೊರಗಿನ ನೆರವು ಕಡಿಮೆಯಾಗುತ್ತದೆ, ತರಬೇತಿ ಪಡೆದವರು ವರ್ಗವಾಗುತ್ತಾರೆ, ಹೊಸಬರು ಬರುತ್ತಾರೆ. ಹೊಸ ಶಿಕ್ಷಕರಿಗೆ ಒಂದು ದಿನದ ಪರಿಚಯ, ಅನುಭವಿಗಳ 4 ಪಾಠಗಳ ವೀಕ್ಷಣೆ, ಮೊದಲ ತಿಂಗಳು ವಾರಕ್ಕೊಮ್ಮೆ ಜೊತೆಗಾರಿಕೆ: ಇದು ಕನಿಷ್ಠ. ಚೆನ್ನಾಗಿ ನಡೆದ ಎರಡು ಪಾಠಗಳನ್ನು ಮೊದಲ ವರ್ಷವೇ ವಿಡಿಯೋ ಮಾಡಿಟ್ಟಿರಿ. ಮುಖ್ಯ ಶಿಕ್ಷಕರೇ ಬದಲಾಗುವ ದಿನಕ್ಕೂ ಸಿದ್ಧರಾಗಿ. ಕಾರ್ಯಕ್ರಮ ಶಾಲೆಯ ವಾರ್ಷಿಕ ಯೋಜನೆಯಲ್ಲಿ, ವೇಳಾಪಟ್ಟಿಯಲ್ಲಿ, ಬಜೆಟ್ಟಿನ ಒಂದು ಸಾಲಿನಲ್ಲಿ ದಾಖಲಾಗಿರಬೇಕು, ಅದರ ಸಂಪೂರ್ಣ ವಿವರ ಇನ್ನೊಬ್ಬರಿಗಾದರೂ ತಿಳಿದಿರಬೇಕು.

ವಿಸ್ತರಣೆ ವರ್ಷಕ್ಕೆ ಎರಡು ತರಗತಿಗಳಿಗಿಂತ ಹೆಚ್ಚು ಬೇಡ. ಮಿತಿ ಹಾಕುವುದು ಹಣವಲ್ಲ, ಜೊತೆಗಾರರ ಪಿರಿಯಡ್‌ಗಳು. ಏಳನೇ ಹಂತದ ಲೆಕ್ಕವನ್ನು ಮತ್ತೆ ಹಾಕಿ ನೋಡಿ.

ಎಲ್ಲ ಸರಿಯಾಗಿ ಮಾಡಿದರೂ ಮಕ್ಕಳು ಕಲಿಯದಿದ್ದರೆ ನಿಲ್ಲಿಸುವ ಧೈರ್ಯ ಬೇಕು. ವರ್ಷದ ನಡುವೆ ನಿಲ್ಲಿಸಬೇಡಿ, ಅವಧಿಯ ಕೊನೆಯಲ್ಲಿ ನಿಲ್ಲಿಸಿ. ಕಾರಣವನ್ನು ಅಂಕಿಗಳೊಂದಿಗೆ ಶಿಕ್ಷಕರಿಗೂ ಪೋಷಕರಿಗೂ ತಿಳಿಸಿ, ಉಪಯೋಗಕ್ಕೆ ಬಂದ ಭಾಗಗಳನ್ನು ಉಳಿಸಿಕೊಳ್ಳಿ. ಮೀಸಲಿಟ್ಟಿದ್ದ ಪಿರಿಯಡ್‌ಗಳನ್ನು ಮಾತ್ರ ಹಳೆಯ ಪಾಠಗಳಿಗೆ ಮರಳಿಸಬೇಡಿ. ಮೊದಲು ಬರೆದಿಟ್ಟ ಸಮಸ್ಯೆ ಇನ್ನೂ ಹಾಗೇ ಇದೆ, ಮುಂದಿನ ಪ್ರಯತ್ನಕ್ಕೆ ಆ ಸಮಯ ಬೇಕಾಗುತ್ತದೆ.